ಒಂದೇ ಕಂಪ್ಯೂಟರಿನಲ್ಲಿ ಹಲವು ಓಎಸ್: ಟೆಸ್ಟರ್‌ಗೆ ದಕ್ಕುವುದೆಷ್ಟು, ನಂಬಬಹುದಾದದ್ದೆಷ್ಟು

ಎಲ್ಲರಿಗೂ ನಮಸ್ಕಾರ.

ಒಂದೇ ಕಂಪ್ಯೂಟರಿನಲ್ಲಿ ಹಲವು ಆಪರೇಟಿಂಗ್ ಸಿಸ್ಟಮ್ (ಓಎಸ್) ಓಡಿಸುವುದು ಈಗ ಕಷ್ಟದ ಕೆಲಸವೇನಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ಮಾಡುವ ವರ್ಚುವಲ್‌ಬಾಕ್ಸ್ ಹಾಕಿಕೊಂಡು, ಓಎಸ್‌ನ ಇನ್‌ಸ್ಟಾಲ್ ಡಿಸ್ಕಿನ ಪ್ರತಿಯಾದ ಒಂದು ಐಎಸ್‌ಒ ಕಡತ ತೋರಿಸಿದರೆ, ಮುಂದಿನದನ್ನೆಲ್ಲ ಅದೇ ಕೇಳಿಕೊಂಡು ಹೋಗುತ್ತದೆ. ಆದ್ದರಿಂದ ಯಾವ ಬಟನ್ ಎಲ್ಲಿದೆ ಎಂದು ಹೇಳುತ್ತ ಕೂರುವುದಿಲ್ಲ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಟೆಸ್ಟಿಂಗ್ ಮಾಡುವವರಿಗೆ ಎರಡನೇ ಓಎಸ್ ಸಿಕ್ಕಿತು ಎನ್ನುವುದು ಸಣ್ಣ ಲಾಭ. ಅದೇ ಓಎಸ್, ಅದೇ ಸ್ಥಿತಿಯಲ್ಲಿ, ಬೇಕೆಂದಾಗಲೆಲ್ಲ ಮತ್ತೆ ಸಿಗುತ್ತದೆ ಎನ್ನುವುದು ನಿಜವಾದ ಲಾಭ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಯಾವ ವಿಧಾನ ಆರಿಸಬೇಕು, ಅದನ್ನು ಎಲ್ಲಿಯವರೆಗೆ ನಂಬಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಒಂದು ಓಎಸ್ ಸಾಲದೇ ಎಂದು ಕೇಳುವವರು ಇನ್ನೂ ಇದ್ದಾರೆ. ಕೋಡ್ ಒಂದೇ, ಲಿನಕ್ಸಿನಲ್ಲಿ ಓಡಿದ್ದು ವಿಂಡೋಸಿನಲ್ಲೂ ಓಡಬೇಕಲ್ಲ ಎಂಬ ಲೆಕ್ಕ. ಪೈಥಾನ್, ಜಾವಾ ಬರೆಯುವವರಲ್ಲಿ ಈ ನಂಬಿಕೆ ಇನ್ನಷ್ಟು ಗಟ್ಟಿ. ಆದರೆ ಯಾವ ಕೋಡ್ ಆದರೂ ಕೊನೆಗೆ ಕಡತಗಳನ್ನು ಮುಟ್ಟಲೇಬೇಕು, ಗ್ರಹಚಾರ ಶುರುವಾಗುವುದು ಅಲ್ಲೇ. ಕೋಡಿನಲ್ಲಿ ಕಡತದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಿಂದ ಬರೆದು, ಡಿಸ್ಕಿನಲ್ಲಿ ಸಣ್ಣಕ್ಷರದಿಂದ ಇಟ್ಟಿದ್ದರೆ ವಿಂಡೋಸ್ ಗಮನಿಸುವುದೇ ಇಲ್ಲ, ತೆರೆದುಕೊಡುತ್ತದೆ. ಲಿನಕ್ಸ್ ಅಂಥ ಕಡತವೇ ಇಲ್ಲ ಎನ್ನುತ್ತದೆ. ತೆರೆದಿರುವ ಲಾಗ್ ಕಡತವನ್ನು ಅಳಿಸಲು ಲಿನಕ್ಸ್ ಸಲೀಸಾಗಿ ಬಿಡುತ್ತದೆ. ವಿಂಡೋಸ್ ಸಾಮಾನ್ಯವಾಗಿ ಬೇರೆ ಪ್ರೋಗ್ರಾಮ್ ಬಳಸುತ್ತಿದೆ ಎಂದು ತಡೆಯುತ್ತದೆ. ವಿಂಡೋಸಿನಲ್ಲಿ 'ಕಾನ್', 'ನಲ್', 'ಆಕ್ಸ್' ಎಂಬ ಹೆಸರುಗಳು ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲು. ಲಿನಕ್ಸಿನಲ್ಲಿ ಕೂತು 'ಆಕ್ಸ್' ಎಂಬ ಹೆಸರಿನ ಫೋಲ್ಡರ್ ಮಾಡಿದವರಿಗೆ ಇದು ಗೊತ್ತಾಗುವುದು ವಿಂಡೋಸ್ ಬಳಸುವ ಸಹೋದ್ಯೋಗಿಯಿಂದ ದೂರು ಬಂದ ಮೇಲೆ.

ಕನ್ನಡದ ಹೆಸರಿರುವ ಕಡತಗಳಲ್ಲಿ ಇನ್ನೂ ಸೂಕ್ಷ್ಮವಾದ ಒಂದು ತೊಡಕಿದೆ. 'ಕೋಶ' ಎಂಬ ಹೆಸರಿನ ಕಡತವನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಓ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ, ಊ, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಮತ್ತು ವಿಂಡೋಸ್ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಡುತ್ತವೆ. ಅಲ್ಲಿಂದ ಇಲ್ಲಿಗೆ ಬಂದ ಕಡತವನ್ನು ಪ್ರೋಗ್ರಾಮ್ ಹೆಸರು ಹಿಡಿದು ಹುಡುಕಿದರೆ, ಕಣ್ಣೆದುರಿಗೇ ಇರುವ ಕಡತ ಸಿಗುವುದಿಲ್ಲ. ಇಂಥ ಬಗ್ ಕೋಡ್ ಓದಿದರೆ ಕಾಣುವಂಥದ್ದಲ್ಲ, ಆಯಾ ಓಎಸ್‌ನಲ್ಲಿ ಓಡಿಸಿಯೇ ಹಿಡಿಯಬೇಕು.

ಸರಿ, ಹಲವು ಓಎಸ್ ಬೇಕು ಎಂದಾಯಿತು. ಮೊದಲು ನೆನಪಾಗುವುದು ಡ್ಯುಯಲ್ ಬೂಟ್: ಡಿಸ್ಕನ್ನು ಪಾರ್ಟಿಷನ್ ಮಾಡಿ, ಎರಡು ಓಎಸ್ ಹಾಕಿ, ಕಂಪ್ಯೂಟರ್ ಶುರುವಾಗುವಾಗ ಗ್ರಬ್ ಮೆನುವಿನಲ್ಲಿ ಒಂದನ್ನು ಆರಿಸುವುದು. ಇದರಲ್ಲಿ ಓಎಸ್‌ಗೆ ನಿಜವಾದ ಹಾರ್ಡ್‌ವೇರ್ ನೇರವಾಗಿ ಸಿಗುತ್ತದೆ, ವೇಗದಲ್ಲಿ ರಾಜಿ ಇಲ್ಲ. ಗ್ರಾಫಿಕ್ಸ್ ಕಾರ್ಡ್, ಡ್ರೈವರ್, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ನಿದ್ದೆಯಿಂದ ಏಳುವುದು, ಬ್ಯಾಟರಿ, ಇವುಗಳನ್ನು ಪರೀಕ್ಷಿಸುವವರಿಗೆ ಬೇರೆ ದಾರಿಯೂ ಇಲ್ಲ. ಕಿರಿಕಿರಿಗಳಿಗೂ ಕೊರತೆಯಿಲ್ಲ. ವಿಂಡೋಸ್ ಕಂಪ್ಯೂಟರಿನ ಗಡಿಯಾರವನ್ನು ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಎಂದು ಓದುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಗಂಟೆಗಳು ಹಿಂದೆ ಮುಂದೆ ಜಿಗಿಯುತ್ತವೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಇನ್ನೊಂದು ತಲೆನೋವು. ಶಟ್ ಡೌನ್ ಮಾಡಿದೆವು ಎಂದು ನಾವು ಅಂದುಕೊಂಡಿರುತ್ತೇವೆ, ವಿಂಡೋಸಿನ ತಿರುಳಾದ ಕರ್ನಲ್ ಮಾತ್ರ ಡಿಸ್ಕಿನಲ್ಲಿ ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್ ಆ ಪಾರ್ಟಿಷನ್ ಮೇಲೆ ಬರೆಯಲು ಒಪ್ಪುವುದಿಲ್ಲ, ಒಪ್ಪದಿರುವುದೇ ಒಳ್ಳೆಯದು.

ಇವೆಲ್ಲ ಸಹಿಸಿಕೊಳ್ಳಬಹುದಾದವು. ಟೆಸ್ಟರ್‌ಗೆ ಆಗದ ಸಂಗತಿ ಬೇರೆ: ಡ್ಯುಯಲ್ ಬೂಟ್‌ನಲ್ಲಿ ಹಾಕಿದ ಓಎಸ್ ಕೂಡ ದಿನೇ ದಿನೇ ಕೊಳೆಯಾಗುತ್ತ ಹೋಗುತ್ತದೆ. ಇವತ್ತು ಒಂದು ರನ್‌ಟೈಮ್ (ಪ್ರೋಗ್ರಾಮ್ ಓಡಲು ಬೇಕಾದ ಕಡತಗಳ ಕಟ್ಟು) ಹಾಕಿದಿರಿ, ನಾಳೆ ಒಂದು ಅಪ್‌ಡೇಟ್ ಬಂತು, ಮುಂದಿನ ವಾರ ರಿಜಿಸ್ಟ್ರಿಯಲ್ಲಿ ಏನೋ ತಿದ್ದಿದಿರಿ. ತಿಂಗಳಾದ ಮೇಲೆ ಅದು ಬಳಕೆದಾರರ ಕಂಪ್ಯೂಟರಿನ ಹಾಗೆ ಉಳಿದಿರುವುದಿಲ್ಲ. ವರ್ಚುವಲ್ ಮಷೀನ್ (ವಿಎಂ), ಅಂದರೆ ಸಾಫ್ಟ್‌ವೇರ್ ಸೃಷ್ಟಿಸುವ ಕಂಪ್ಯೂಟರ್, ಬೇಕಾಗುವುದು ಇಲ್ಲಿ.

ಇದು ಹೊಸ ಕಲ್ಪನೆ ಎಂದುಕೊಳ್ಳಬೇಡಿ. 1960ರ ದಶಕದಲ್ಲೇ ಐಬಿಎಂನ ಕೇಂಬ್ರಿಡ್ಜ್ ಸೈಂಟಿಫಿಕ್ ಸೆಂಟರಿನಲ್ಲಿ ಸಿಪಿ-40, ಆಮೇಲೆ ಸಿಪಿ-67 ಎಂಬ ವ್ಯವಸ್ಥೆಗಳು ಒಂದು ಮೇನ್‌ಫ್ರೇಮನ್ನು (ದೈತ್ಯ ಕಂಪ್ಯೂಟರನ್ನು) ಹಲವು ಮೇನ್‌ಫ್ರೇಮುಗಳಂತೆ ತೋರಿಸುತ್ತಿದ್ದವು. 1972ರಲ್ಲಿ ಐಬಿಎಂ ಇದೇ ಬಗೆಯ ವಿಎಂ/370 ಅನ್ನು ಪ್ರಕಟಿಸಿತು. ಹೊಸ ಆಪರೇಟಿಂಗ್ ಸಿಸ್ಟಮ್ ಬರೆಯುವವರು ಅದನ್ನು ವರ್ಚುವಲ್ ಮಷೀನಿನೊಳಗೆ ಓಡಿಸಿ ನೋಡಬಹುದಿತ್ತು. ಅದು ಬಿದ್ದರೆ ಆ ಮಷೀನ್ ಮಾತ್ರ ಬೀಳುತ್ತಿತ್ತು, ಅಕ್ಕಪಕ್ಕದವರ ಕೆಲಸ ನಿಲ್ಲುತ್ತಿರಲಿಲ್ಲ. ಅಂದರೆ ಟೆಸ್ಟಿಂಗ್ ಇದರ ಜೊತೆಗೆ ಮೊದಲಿನಿಂದಲೂ ಇದೆ.

ಹಾಗಾದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಇದು ಬರಲು ಅಷ್ಟು ತಡವೇಕಾಯಿತು? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಈ ಕಥೆ ನನಗೆ ಇಷ್ಟ. ಒಳಗೆ ಓಡುವ ಓಎಸ್‌ಗೆ ಗೆಸ್ಟ್ ಎನ್ನುತ್ತೇವೆ, ಅದನ್ನು ನೋಡಿಕೊಳ್ಳುವುದಕ್ಕೆ ಹೈಪರ್ವೈಸರ್. ಗೆಸ್ಟ್ ತಾನೇ ಯಜಮಾನ ಎಂದು ನಂಬಿರುತ್ತದೆ. ಅದು ಯಜಮಾನಿಕೆಯ ಆದೇಶ ಕೊಟ್ಟಾಗಲೆಲ್ಲ ಪ್ರೊಸೆಸರ್ ಅದನ್ನು ತಡೆದು ಹೈಪರ್ವೈಸರ್‌ಗೆ ಒಪ್ಪಿಸಬೇಕು, ಹೈಪರ್ವೈಸರ್ ಆ ಕೆಲಸ ಆದಂತೆ ನಟಿಸಬೇಕು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಸಂಶೋಧಕರು ಇದನ್ನು ನಿಯಮವಾಗಿಯೇ ಬರೆದಿಟ್ಟರು: ಸೂಕ್ಷ್ಮವಾದ, ಅಂದರೆ ಯಂತ್ರದ ಹತೋಟಿಗೆ ಸಂಬಂಧಿಸಿದ, ಪ್ರತಿಯೊಂದು ಆದೇಶವೂ ಹೀಗೆ ತಡೆಗೆ ಸಿಗಬೇಕು. ಇಂಟೆಲ್‌ನ ಎಕ್ಸ್86 ಎಂಬ ಪ್ರೊಸೆಸರ್ ವಂಶ ಈ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ. ಅದರ 'ಪಾಪ್‌ಎಫ್' ಎಂಬ ಆದೇಶ ಒಳ್ಳೆಯ ಉದಾಹರಣೆ. ಇಂಟರಪ್ಟ್‌ಗಳನ್ನು (ಸಾಧನಗಳು ಪ್ರೊಸೆಸರನ್ನು ತಡೆದು ಕೊಡುವ ಕರೆಗಳನ್ನು) ನಿಲ್ಲಿಸಲು, ಮತ್ತೆ ಬಿಡಲು ಕರ್ನಲ್ ಇದನ್ನು ಬಳಸಬಹುದು. ಅಧಿಕಾರವಿಲ್ಲದ ಪ್ರೋಗ್ರಾಮ್ ಇದನ್ನು ಬಳಸಿದರೆ ಪ್ರೊಸೆಸರ್ ತಕರಾರು ತೆಗೆಯುವುದಿಲ್ಲ. ಆ ಭಾಗವನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಅಧಿಕಾರ ಕಿತ್ತುಕೊಂಡು ಕೂರಿಸಿದ ಗೆಸ್ಟ್ ಕರ್ನಲ್ ಇಂಟರಪ್ಟ್ ನಿಲ್ಲಿಸಿದೆ ಎಂದುಕೊಳ್ಳುತ್ತದೆ, ಅವು ಬರುತ್ತಲೇ ಇರುತ್ತವೆ, ಹೈಪರ್ವೈಸರ್‌ಗೆ ಸುದ್ದಿಯೇ ಹೋಗಿರುವುದಿಲ್ಲ. ತಡೆದು ನಿಲ್ಲಿಸಿದ್ದರೆ ಸರಿಪಡಿಸಬಹುದಿತ್ತು, ಮೌನವಾಗಿ ಬಿಟ್ಟಿದ್ದಕ್ಕೆ ಏನು ಮಾಡುವುದು?

1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಇದಕ್ಕೆ ಜಾಣ ಉಪಾಯ ಮಾಡಿತು. ಗೆಸ್ಟ್ ಕರ್ನಲ್‌ನ ಕೋಡನ್ನು ಓಡುತ್ತಿರುವಾಗಲೇ ಓದಿ, ತೊಂದರೆ ಕೊಡುವ ಆದೇಶಗಳನ್ನು ಬದಲಿಸಿ ಓಡಿಸುವುದು. ಪ್ರೊಸೆಸರ್ ತಯಾರಕರು ಎಚ್ಚೆತ್ತದ್ದು ಆಮೇಲೆ: 2005ರಲ್ಲಿ ಇಂಟೆಲ್ ವರ್ಚುವಲ್ ಮಷೀನಿಗೆ ನೆರವಾಗುವ ವಿಟಿ-ಎಕ್ಸ್ ಎಂಬ ಸೌಲಭ್ಯವಿರುವ ಚಿಪ್ ಬಿಟ್ಟಿತು, 2006ರಲ್ಲಿ ಎಎಂಡಿ ತನ್ನದನ್ನು ತಂದಿತು. 2007ರ ಆರಂಭದಲ್ಲಿ ಕೆವಿಎಂ ಎಂಬ ಹೈಪರ್ವೈಸರ್ ಲಿನಕ್ಸ್ ಕರ್ನಲ್‌ನೊಳಗೇ ಸೇರಿತು. ನಿಮ್ಮ ವಿಎಂ ಶುರುವಾಗದೆ ಮುಷ್ಕರ ಹೂಡಿದರೆ ಮೊದಲು ನೋಡಬೇಕಾದದ್ದು ಬಯೋಸ್ (ಓಎಸ್‌ಗೂ ಮುಂಚೆ ಓಡುವ ಪ್ರೋಗ್ರಾಮ್) ಸೆಟ್ಟಿಂಗ್. ಈ ಸೌಲಭ್ಯ ಚಿಪ್ಪಿನಲ್ಲಿದ್ದರೂ ಅಲ್ಲಿ ಆಫ್ ಆಗಿರುವ ಕಂಪ್ಯೂಟರುಗಳಿವೆ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ವಿಂಡೋಸ್‌ಗೆ ಒಂದು ಇನ್‌ಸ್ಟಾಲರ್ ಮಾಡಿದ್ದೀರಿ, ಪರೀಕ್ಷಿಸಬೇಕು. ವಿಎಂನಲ್ಲಿ ವಿಂಡೋಸ್ ಹಾಕಿ, ಅಪ್‌ಡೇಟ್ ಮುಗಿಸಿ, ಬೇರೇನನ್ನೂ ಹಾಕದೆ ಶಟ್ ಡೌನ್ ಮಾಡಿ, ಆ ಸ್ಥಿತಿಯ ಸ್ನ್ಯಾಪ್‌ಶಾಟ್, ಅಂದರೆ ಬೇಕೆಂದಾಗ ಮರಳಬಹುದಾದ ಗುರುತು, ತೆಗೆದುಕೊಳ್ಳಿ. ಅದಕ್ಕೆ ದಿನಾಂಕ ಸಮೇತ ಹೆಸರಿಡಿ. 'ಹೊಸದು', 'ಹೊಸದು ಎರಡು' ಎಂಬ ಹೆಸರುಗಳು ಮೂರು ವಾರದ ನಂತರ ನಿಮಗೇ ಅರ್ಥವಾಗುವುದಿಲ್ಲ. ಈಗ ವಿಎಂ ಶುರುಮಾಡಿ ನಿಮ್ಮ ಇನ್‌ಸ್ಟಾಲರ್ ಓಡಿಸಿ. ಇನ್‌ಸ್ಟಾಲ್ ಚೆನ್ನಾಗಿಯೇ ಮುಗಿಯುತ್ತದೆ. ಐಕಾನ್ ಒತ್ತಿದರೆ 'ವಿಸಿರನ್‌ಟೈಮ್140.ಡಿಎಲ್‌ಎಲ್ ಸಿಗಲಿಲ್ಲ' ಎಂಬ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಕೋಡ್ ಬರೆದವರ ಕಂಪ್ಯೂಟರಿನಲ್ಲಿ ಕೋಡ್ ಬರೆಯುವ ವಿಷುವಲ್ ಸ್ಟುಡಿಯೋ ಇದೆ, ಅದರ ಜೊತೆಗೆ ಡಿಎಲ್‌ಎಲ್ ಎಂಬ ಆ ರನ್‌ಟೈಮ್ ಕಡತ ಎಂದೋ ಬಂದು ಕೂತಿದೆ, ಆದ್ದರಿಂದ ಅಲ್ಲಿ ಈ ದೋಷ ಯಾವತ್ತೂ ಕಾಣದು. ಪರೀಕ್ಷಕರ ಹಳೆಯ ಕಂಪ್ಯೂಟರಿನಲ್ಲೂ ಕಾಣದಿರಬಹುದು, ಯಾವುದೋ ಆಟವೋ ಬೇರೆ ಪ್ರೋಗ್ರಾಮೋ ಅದನ್ನು ತಂದಿಟ್ಟಿರುತ್ತದೆ. ಖಾಲಿ ವಿಂಡೋಸಿನಲ್ಲಿ ಮಾತ್ರ ಬಯಲಾಗುತ್ತದೆ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ: ಆ ರನ್‌ಟೈಮನ್ನು ವಿಎಂನಲ್ಲೇ ಹಾಕಿ ಪರೀಕ್ಷೆ ಮುಂದುವರಿಸೋಣ ಎಂದು. ಹಾಕಬೇಡಿ. ಇನ್‌ಸ್ಟಾಲರನ್ನು ತಿದ್ದಿಸಿ, ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿ, ಮೊದಲಿನಿಂದ ಓಡಿಸಿ. ಹಿಂದಿರುಗಲು ಹಿಡಿಯುವುದು ಕೆಲವೇ ಕ್ಷಣ. ವರ್ಚುವಲ್ ಡಿಸ್ಕಿನ ಮೂಲ ಕಡತ ಮುಟ್ಟದೆ ಹಾಗೆಯೇ ಇರುತ್ತದೆ, ಆಮೇಲಿನ ಬದಲಾವಣೆಗಳೆಲ್ಲ ಬೇರೆ ಕಡತಕ್ಕೆ ಹೋಗಿರುತ್ತವೆ. ಹಿಂದಿರುಗುವುದೆಂದರೆ ಆ ಎರಡನೆಯದನ್ನು ಎಸೆಯುವುದು, ಅಷ್ಟೇ. ಇದೇ ಕಾರಣಕ್ಕೆ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ತಿಳಿಯಬಾರದು. ಮೂಲ ಕಡತ ಹಾಳಾದರೆ ಅದರ ಮೇಲೆ ನಿಂತ ಎಲ್ಲವೂ ಹೋದಂತೆ.

ವಿಎಂ ಓಡುತ್ತಿರುವಾಗ ಮೆಮೊರಿ ಸಮೇತ ತೆಗೆದ ಸ್ನ್ಯಾಪ್‌ಶಾಟ್‌ಗೆ ಬೇರೆ ಕಾಟವಿದೆ. ತಿಂಗಳ ನಂತರ ಅದಕ್ಕೆ ಹಿಂದಿರುಗಿದರೆ ಗೆಸ್ಟ್‌ಗೆ ಸಮಯ ಸರಿದದ್ದು ಗೊತ್ತಿಲ್ಲ. ಗಡಿಯಾರ ಸರಿಹೋಗುವ ಮುಂಚೆ ಯಾವುದಾದರೂ ಸರ್ವರ್ ಜೊತೆ ಮಾತಾಡಿದರೆ, ನಿನ್ನೆ ತಾನೇ ನವೀಕರಿಸಿದ ಸರ್ಟಿಫಿಕೇಟನ್ನು (ಸರ್ವರಿನ ಗುರುತುಪತ್ರವನ್ನು) ನೋಡಿ 'ಇದಿನ್ನೂ ಜಾರಿಗೆ ಬಂದಿಲ್ಲ' ಎಂದು ತಿರಸ್ಕರಿಸುತ್ತದೆ. ಟೆಸ್ಟ್ ಫೇಲ್, ಆದರೆ ಸಾಫ್ಟ್‌ವೇರಿನಲ್ಲಿ ತಪ್ಪಿಲ್ಲ. ಹಾಗೆಯೇ ಒಂದು ವಿಎಂ ನಕಲು ಮಾಡಿ ಎರಡನ್ನೂ ಒಂದೇ ನೆಟ್‌ವರ್ಕಿಗೆ ಹಾಕುವಾಗ ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ ಬೇರೆಯಾಗಿದೆಯೇ, ಲಿನಕ್ಸ್ ಆದರೆ ಅದರ ಗುರುತಾದ ಮಷೀನ್-ಐಡಿ ಬೇರೆಯಾಗಿದೆಯೇ ನೋಡಿಕೊಳ್ಳಿ. ಅವಳಿಗಳಿಗೆ ಒಂದೇ ಐಪಿ ಸಿಕ್ಕಿ ದಿನವಿಡೀ ಇಲ್ಲದ ಬಗ್ ಹುಡುಕುವ ಸಂಭವವಿದೆ.

ಪ್ರೋಗ್ರಾಮನ್ನು ಅದರ ಲೈಬ್ರರಿಗಳ ಸಮೇತ ಕಟ್ಟಿ ಬೇರೆಯಾಗಿ ಓಡಿಸುವ ಕಂಟೇನರ್ ಸಾಲದೇ ಎಂದು ಕೇಳಬಹುದು. ಕಂಟೇನರ್ ಓಡಿಸುವ ಡಾಕರ್ ಬಲು ಅನುಕೂಲ, ನಿಜ. ಆದರೆ ಕಂಟೇನರಿಗೆ ಸ್ವಂತ ಕರ್ನಲ್ ಇಲ್ಲ, ಹೋಸ್ಟ್‌ನದನ್ನೇ, ಅಂದರೆ ಹೊರಗಿನ ಓಎಸ್‌ನದನ್ನೇ, ಬಳಸುತ್ತದೆ. ಉಬುಂಟು ಲಿನಕ್ಸ್ ಮೇಲೆ ಡೆಬಿಯನ್ ಲಿನಕ್ಸ್‌ನ ಕಂಟೇನರ್ ಓಡಿಸಿದಾಗ ಲೈಬ್ರರಿಗಳು ಡೆಬಿಯನ್‌ನವು, ಕರ್ನಲ್ ಉಬುಂಟುವಿನದು. ಲೈಬ್ರರಿಯ ಮಟ್ಟದ ಪರೀಕ್ಷೆಗೆ ಅಷ್ಟು ಸಾಕು. ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಹಗುರವಾದ ವಿಎಂನಲ್ಲಿ ಓಡಿಸುತ್ತದೆ, ಆದರೆ ಆ ಕರ್ನಲ್ ಮೈಕ್ರೋಸಾಫ್ಟ್ ಕಟ್ಟಿದ್ದು. ಅದರಲ್ಲಿ ಓಡಿತು ಎಂದರೆ ನಿಮ್ಮ ಸರ್ವರಿನಲ್ಲಿ ಓಡುತ್ತದೆ ಎಂದು ಬರೆದುಕೊಡಲು ನಾನು ತಯಾರಿಲ್ಲ.

ಮ್ಯಾಕ್ ಬಳಸುವವರಿಗೆ ಎರಡು ಮಾತು. ಮ್ಯಾಕ್ ಓಎಸ್ ಅನ್ನು ವಿಎಂನಲ್ಲಿ ಓಡಿಸಲು ಆಪಲ್‌ನ ಪರವಾನಗಿ ಬಿಡುತ್ತದೆ, ಆದರೆ ಆಪಲ್ ಹಾರ್ಡ್‌ವೇರ್ ಮೇಲೆ ಮಾತ್ರ, ಅದೂ ಹೆಚ್ಚುವರಿ ಎರಡು ಪ್ರತಿ. ಮತ್ತೆ, 2020ರಲ್ಲಿ ಎಂ1 ಚಿಪ್ ಬಂದಮೇಲೆ ಹೊಸ ಮ್ಯಾಕ್‌ಗಳ ಪ್ರೊಸೆಸರ್ ಎಕ್ಸ್86 ಅಲ್ಲ, ಆರ್ಮ್ ಎಂಬ ಬೇರೆ ವಂಶದ್ದು. ಅಲ್ಲಿ ವೇಗವಾಗಿ ಓಡುವ ವಿಎಂ ಎಂದರೆ ಆರ್ಮ್ ವಿಂಡೋಸ್, ಆರ್ಮ್ ಲಿನಕ್ಸ್. ಎಕ್ಸ್86 ಓಎಸ್ ಬೇಕೆಂದರೆ ಕ್ಯೂಇಎಂಯು ತರಹದ ಎಮ್ಯುಲೇಟರ್ ಪ್ರತಿ ಆದೇಶವನ್ನೂ ಅನುವಾದಿಸಬೇಕು. ಓಡುತ್ತದೆ, ತೆವಳುತ್ತ.

ವಿಎಂ ಎಲ್ಲಿ ಸುಳ್ಳು ಹೇಳುತ್ತದೆ ಎಂಬುದು ಟೆಸ್ಟರ್‌ಗೆ ಗೊತ್ತಿರಲೇಬೇಕು. ವೇಗದ ಅಂಕಿಗಳನ್ನು ಅಲ್ಲಿಂದ ತೆಗೆದು ವರದಿಗೆ ಹಾಕಬೇಡಿ. 16 ಜಿಬಿ ಮೆಮೊರಿಯ ಕಂಪ್ಯೂಟರಿನಲ್ಲಿ 8 ಜಿಬಿಯ ಎರಡು ಗೆಸ್ಟ್ ಓಡಿಸಿದರೆ ಹೋಸ್ಟ್‌ಗೆ ಉಸಿರಾಡಲು ಜಾಗವಿಲ್ಲ, ಎಲ್ಲವೂ ಸ್ವಾಪ್‌ಗೆ, ಅಂದರೆ ನಿಧಾನವಾದ ಡಿಸ್ಕಿಗೆ, ಹೋಗಿ ಟೈಮ್‌ಔಟ್‌ಗಳ ಸುರಿಮಳೆ. ಥ್ರೆಡ್‌ಗಳ (ಒಂದೇ ಪ್ರೋಗ್ರಾಮಿನಲ್ಲಿ ಒಟ್ಟಿಗೆ ಓಡುವ ಕೆಲಸಗಳ) ಪೈಪೋಟಿಯಿಂದ ಆಗುವ ಬಗ್‌ಗಳು ವಿಎಂನಲ್ಲಿ ಮಾಯವಾಗಲೂಬಹುದು, ಅಲ್ಲೇ ಹೆಚ್ಚಾಗಲೂಬಹುದು. ಕಾಣುವ ಗ್ರಾಫಿಕ್ಸ್ ಕಾರ್ಡ್ ಬಹುಮಟ್ಟಿಗೆ ನಕಲಿ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೂಡ ವಿಎಂನಲ್ಲಿ ಸಾಫ್ಟ್‌ವೇರ್ ಆಗಿಯೇ ಇರುತ್ತದೆ. ವರ್ಚುವಲ್‌ಬಾಕ್ಸ್ ಅದನ್ನು 2022ರ 7.0 ಆವೃತ್ತಿಯಲ್ಲಿ ಸೇರಿಸಿತು.

ಗೆಸ್ಟ್‌ಗೂ ಹೋಸ್ಟ್‌ಗೂ ನಡುವಿನ ಗೋಡೆ ಗಟ್ಟಿಯಾಗಿದೆ, ಅನುಮಾನದ ಪ್ರೋಗ್ರಾಮನ್ನು ಅದರೊಳಗೆ ನಿರಾತಂಕವಾಗಿ ಓಡಿಸಬಹುದು ಎಂಬ ನಂಬಿಕೆಗೂ ಮಿತಿಯಿದೆ. 2015ರಲ್ಲಿ ಬಯಲಾದ 'ವೆನಮ್' ದೋಷ ಇದ್ದದ್ದು ಕ್ಯೂಇಎಂಯುವಿನ ವರ್ಚುವಲ್ ಫ್ಲಾಪಿ ಡ್ರೈವ್ ಕೋಡಿನಲ್ಲಿ. ಫ್ಲಾಪಿಯನ್ನು ಯಾರೂ ಬಳಸದ ಕಾಲದಲ್ಲಿ, ಅದರ ನಿಯಂತ್ರಕದ ಮೂಲಕ ಗೆಸ್ಟ್‌ನಿಂದ ಹೋಸ್ಟ್‌ಗೆ ನುಸುಳುವ ದಾರಿ! ಅಷ್ಟು ದೂರ ಹೋಗುವುದೂ ಬೇಡ. ಶೇರ್ಡ್ ಫೋಲ್ಡರ್ ಮತ್ತು ಕ್ಲಿಪ್‌ಬೋರ್ಡ್ ಹಂಚಿಕೆ ಎರಡನ್ನೂ ತೆರೆದಿಟ್ಟು, ನೆಟ್‌ವರ್ಕನ್ನು ಗೆಸ್ಟ್ ನೇರವಾಗಿ ಹೊರಗಿನ ನೆಟ್‌ವರ್ಕಿಗೇ ಸೇರುವ ಬ್ರಿಡ್ಜ್ ಮೋಡಿನಲ್ಲಿ ಬಿಟ್ಟು ವೈರಸ್ ಪರೀಕ್ಷೆಗೆ ಇಳಿಯುವವರನ್ನು ನೋಡಿದ್ದೇನೆ. ಆ ಎರಡೂ ಹಂಚಿಕೆ ಮುಚ್ಚಿ, ನೆಟ್‌ವರ್ಕನ್ನು ಪೂರ್ತಿ ಕಿತ್ತು, ಆಮೇಲೆ ಶುರುಮಾಡಿ.

ಕೊನೆಯದಾಗಿ ಬಗ್ ವರದಿ. 'ವಿಂಡೋಸಿನಲ್ಲಿ ಕ್ರ್ಯಾಶ್ ಆಗುತ್ತದೆ' ಎಂದಷ್ಟೇ ಬರೆದರೆ ಕೋಡ್ ಬರೆದವರಿಗೆ ಏನೂ ಸಿಕ್ಕಂತಾಗಲಿಲ್ಲ. ಗೆಸ್ಟ್ ಓಎಸ್‌ನ ಬಿಲ್ಡ್ ಸಂಖ್ಯೆ, ಹೈಪರ್ವೈಸರ್ ಯಾವುದು, ಯಾವ ಆವೃತ್ತಿ, ಗೆಸ್ಟ್‌ಗೆ ಕೊಟ್ಟ ಮೆಮೊರಿ ಎಷ್ಟು, ಯಾವ ಸ್ನ್ಯಾಪ್‌ಶಾಟಿನಿಂದ ಹೊರಟಿರಿ, ಇಷ್ಟನ್ನು ಬರೆಯಿರಿ. ಸಾಧ್ಯವಿದ್ದರೆ ಕ್ರ್ಯಾಶ್ ಆದ ಸ್ಥಿತಿಯ ವಿಎಂ ಅನ್ನೇ ಎಕ್ಸ್‌ಪೋರ್ಟ್ ಮಾಡಿ ಕಳಿಸಿ. ಬಳಕೆದಾರರ ಯಾವುದೇ ಡೇಟಾ ಅದರೊಳಗೆ ಉಳಿದಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ; ಯಾರದಾದರೂ ಲ್ಯಾಪ್‌ಟಾಪಿನಲ್ಲಿ ವಿಎಂ ಶುರುವಾಗುತ್ತಿಲ್ಲ ಎಂದಿದ್ದರೆ ಇಲ್ಲಿಗೇ ತನ್ನಿ, ಬಯೋಸ್ ಒಟ್ಟಿಗೆ ನೋಡೋಣ.