ಯಾರೂ ನೋಡಿಲ್ಲಂದ್ರ ದೂರು ಕೊಡಬಾರದೇನು?

ನಮಸ್ಕಾರ ಕೇಳುಗರೆ. ಹೋದ ತಿಂಗಳು ಒಂದಿನ ಸಂಜಿ ಮುಂದ, ಇಲ್ಲೇ ವಾಸ್ಕೋದಾಗ ನಮ್ಮ ಓಣಿ ಹುಡುಗಿ ಒಬ್ಬಾಕಿ, ಗದಗ ಕಡೆ ಮನೆತನ, ಕಾಲೇಜಿಗೆ ಹೋಗ್ತಾಳ, ನಮ್ಮ ಅಡಗಿಮನ್ಯಾಗ ಬಂದು ಕೂತ್ಲು. ಲ್ಯಾಬ್‌ನಾಗ ಸರ್ ಒಬ್ರು ಮೈ ಮುಟ್ಟಿದ್ರು, ಬಾಗಿಲು ಹಾಕಿತ್ತು, ಯಾರೂ ನೋಡಿಲ್ಲ ಆಂಟಿ ಅಂದ್ಲು. ಅವರವ್ವ ಹೊಸ್ತಿಲದಾಗ ನಿಂತು, ಸಾಕ್ಷಿ ಇಲ್ಲಂದ್ರ ಯಾರು ನಂಬ್ತಾರ, ಸುಮ್ನಿರು ಅಂತ ಒಂದೇ ಸವನ ಅನ್ನಾಕತ್ತಿದ್ಲು.

ಆ ತಾಯಿ ಹೆದರಿಕಿ ನನಗ ಅರ್ಥ ಆಗ್ತದ, ಆದ್ರ ಮಾತು ಸರಿ ಅಲ್ರಿ. ಜೈಲಿಗೆ ಹಾಕೋ ಕೋರ್ಟಿನಾಗ ಸಂಶಯಕ್ಕ ಜಾಗ ಇಲ್ಲದಂಗ ಸಾಬೀತು ಮಾಡಬೇಕು. ಇಂಥಾ ಲೈಂಗಿಕ ಕಿರುಕುಳದ ದೂರು ವಿಚಾರಣಿ ಮಾಡೋ ಕಾಲೇಜಿನ ಆಂತರಿಕ ದೂರು ಸಮಿತಿ ಯಾರನ್ನೂ ಜೈಲಿಗೆ ಕಳಸೂದಿಲ್ಲ, ಅದು ನೋಡೂದು ಎರಡು ಮಾತಿನಾಗ ಯಾವುದು ನಡೆದಿರೋ ಸಂಭವ ಹೆಚ್ಚು ಅಂತ. ನಾನು ಕೇಳಿದೆ, ಹೊರಗ ಬಂದು ಏನ್ ಮಾಡಿದಿ? ಫೋನ್ ತಗದು ತೋರಿಸಿದ್ಲು, 5:40ಕ್ಕ ಗೆಳತಿಗೆ ಕಾಲ್, ಅಳಕೋತ ಎಲ್ಲಾ ಹೇಳಿದ್ಲಂತ, ರಾತ್ರಿ 11ಕ್ಕ ಆ ಸರ್ ಮೆಸೇಜು, ಯಾರಿಗೂ ಹೇಳಬ್ಯಾಡ ಅಂತ. ಇದು ಸಾಕ್ಷಿ ಅಲ್ಲೇನ್ರಿ? ಇನ್ನೊಂದು, ಕೆಲಸದ ಜಾಗದಾಗ ಹೆಣ್ಮಕ್ಕಳ ಮ್ಯಾಲಿನ ಲೈಂಗಿಕ ಕಿರುಕುಳ ತಡಿಯೋ 2013ರ ಕಾಯ್ದೆ ಪ್ರಕಾರ ದೂರು ಸಾಬೀತು ಆಗಲಿಲ್ಲ ಅನ್ನೋದಷ್ಟಕ್ಕ ದೂರು ಕೊಟ್ಟಾಕಿ ಮ್ಯಾಲ ಕ್ರಮ ತಗೋಬೇಕಂತಿಲ್ಲ. ಮೂರು ತಿಂಗಳೊಳಗ ಕೊಡಬೇಕು, ಅಷ್ಟ.

ಹಂಗಂತ ಆರೋಪ ಬಂದವರ ಮಾತು ಕೇಳಬಾರದು ಅಂತ ನಾನು ಹೇಳಾಕತ್ತಿಲ್ಲ, ದಯವಿಟ್ಟು ಹಂಗ ತಿಳಕೋಬ್ಯಾಡ್ರಿ. ನಮ್ಮ ಗೋವಾ ಯೂನಿವರ್ಸಿಟಿದೇ ಕೇಸ್ ನೋಡ್ರಿ, 2009ರ ದೂರುಗಳು, ಪ್ರಾಧ್ಯಾಪಕರ ಕೆಲಸ ಹೋತು, ಆದ್ರ ತನಿಖಿ ಅವಸರದಾಗ ಮಾಡ್ಯಾರ, ಅವರಿಗೆ ತಮ್ಮ ಮಾತು ಹೇಳಾಕ ಸರಿಯಾಗಿ ಅವಕಾಶ ಕೊಟ್ಟಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಮೇ 12ಕ್ಕ ಅದನ್ನ ರದ್ದು ಮಾಡಿ ಸಮಿತಿಗೇ ವಾಪಸ್ ಕಳಿಸಿತು. ಹದಿನಾಲ್ಕು ವರ್ಷ! ದೂರು ಕೊಟ್ಟ ಹುಡುಗ್ಯಾರ ಗತಿ ಏನು ಅಂತ ನನಗ ಸಂಕಟ ಆಗ್ತದ. ಯುಜಿಸಿ, ಅಂದ್ರ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಾಗ ಬರದಾರ, ದೂರಿನ ಪ್ರತಿ 7 ದಿನದಾಗ ಆರೋಪ ಬಂದವರಿಗೆ ಕಳಸಬೇಕು, ಅವರ ಉತ್ತರಕ್ಕ 10 ದಿನ, ತನಿಖಿ 90 ದಿನದಾಗ ಮುಗೀಬೇಕು. ಇದನ್ನ ಸರಿಯಾಗಿ ಮಾಡಿದ್ರನ ಹುಡುಗಿಗೆ ಸಿಕ್ಕ ನ್ಯಾಯ ಮುಂದ ಕೋರ್ಟಿನಾಗ ನಿಲ್ತದ.

ಆ ರಾತ್ರಿ ಮೂರೂ ಮಂದಿ ಕೂತು ತಾರೀಖು, ಟೈಮು, ಗೆಳತಿ ಹೆಸರು ಎಲ್ಲಾ ಬರದ್ವಿ. ಸಮಿತಿಗೆ ದೂರಿನ ಆರು ಪ್ರತಿ ಕೊಡಬೇಕಲ್ಲ, ಮುಂಜಾನೆ ಝೆರಾಕ್ಸ್ ಅಂಗಡಿಗೆ ಹೋದ್ವಿ, ಅವರವ್ವ ಸೆರಗಿನ ಗಂಟು ಬಿಚ್ಚಿ ತಾನೇ ರೊಕ್ಕ ಕೊಟ್ಲು.