ಹಾಲಿಗೆ ಲೆಕ್ಕವಿದೆ, ಹುಲ್ಲಿಗಿಲ್ಲ

ಕೇಳುಗರಿಗೆ ನಮಸ್ಕಾರ.

ಹಸು ಕಟ್ಟಿದವರ ಮನೆಗೆ ಹೋಗಿ ಏನು ಕಷ್ಟ ಅಂತ ಕೇಳಿ ನೋಡಿ. ರೋಗರುಜಿನಕ್ಕಿಂತ ಮೊದಲು ಅವರು ಎತ್ತುವುದು ಮೇವಿನ ಮಾತು. ಹಾಲಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವು, ಹಿಂಡಿ, ಬೂಸಾಕ್ಕೇ ಹೋಗುತ್ತದೆ.

ಹಿಂದೆ ಮೇವು ಬರುತ್ತಿದ್ದದ್ದು ಗೋಮಾಳದಿಂದ, ಹೊಲದ ಬದುವಿನಿಂದ, ಹಿತ್ತಲ ಬಣವೆಯಿಂದ. ನೂರು ಜಾನುವಾರಿಗೆ ಸುಮಾರು 30 ಎಕರೆಯಂತೆ ಊರೂರಲ್ಲೂ ಗೋಮಾಳ ಬಿಡಬೇಕು ಎಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲೇ ಇದೆ. ನಿಯಮವೇನೋ ಇದೆ, ಜಾಗ? ಅಪ್ಪಣೆಯಿಲ್ಲದೆ ಸರ್ಕಾರಿ ಜಾಗ ಉಳುವ ಬಗರ್‌ಹುಕುಂ ಸಾಗುವಳಿ, ನಿವೇಶನ, ಸ್ಮಶಾನ, ಕಸದ ಗುಂಡಿ... ಊರಿಗೆ ಏನೇ ಬೇಕಾದರೂ ಮೊದಲು ಕಣ್ಣು ಬೀಳುವುದು ಗೋಮಾಳದ ಮೇಲೆ. ಭೂಮಿಯಿಲ್ಲದವನು ಎರಡೆಕರೆ ಉತ್ತುಕೊಂಡದ್ದನ್ನು ನಾನು ತಪ್ಪೆನ್ನಲಾರೆ.

ಕಾವಲುಗಳ ಕಥೆ ಬೇರೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಆ ದನಗಳಿಗೆಂದೇ ಕಾಯ್ದಿಟ್ಟ ಹುಲ್ಲುಗಾವಲುಗಳಿವು. ಚಳ್ಳಕೆರೆಯ ವರವು ಕಾವಲು, ಉಳ್ಳಾರ್ತಿ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾದಾಗ ಬೇಲಿಯಾಚೆ ಉಳಿದದ್ದು ಕುರಿಮಂದೆ. ಆ ಸೀಮೆಯ ಕಂಬಳಿ ಮಗ್ಗಕ್ಕೆ ಉಣ್ಣೆ ಬರುವುದೂ ಆ ಮಂದೆಗಳಿಂದಲೇ.

ಬಣವೆಯೂ ಕರಗುತ್ತಿದೆ. ರಾಗಿಗೆ ಕೊಯ್ಲಿನ ಯಂತ್ರ ಇಳಿಸಿದರೆ ಕೂಲಿ ಉಳಿಯುತ್ತದೆ, ಹುಲ್ಲು ಮಾತ್ರ ಹೊಲದಲ್ಲೇ ಪುಡಿಪುಡಿ.

ಸರ್ಕಾರ ಕೈಕಟ್ಟಿ ಕೂತಿದೆ ಎಂದರೆ ಸುಳ್ಳಾಗುತ್ತದೆ. ಲಸಿಕೆಯ ಬಲದಿಂದ ದನಗಳ ದೊಡ್ಡರೋಗವನ್ನು (ರಿಂಡರ್‌ಪೆಸ್ಟ್) ಭೂಮಿಯಿಂದಲೇ ಅಳಿಸಿದ್ದಾಗಿ 2011ರಲ್ಲಿ ಘೋಷಣೆಯಾಯಿತು. ಕಾಲುಬಾಯಿ ಜ್ವರ, ಬ್ರುಸೆಲ್ಲಾ ರೋಗಗಳಿಗೆ 2019ರಲ್ಲಿ ಕೇಂದ್ರ 13,343 ಕೋಟಿ ರೂಪಾಯಿಯ ಕಾರ್ಯಕ್ರಮ ತಂದಿತು. ನಮ್ಮಲ್ಲಿ ಡೈರಿಗೆ ಹಾಕಿದ ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಉಂಟು. ಆದರೆ ಆ ದುಡ್ಡು ಹೆಚ್ಚು ಹಾಲು ಹಾಕಿದವರಿಗೇ ಹೆಚ್ಚು. ಕುರಿ ಕಾಯುವವನ ಬಳಿ ಡೈರಿಗೆ ಹಾಕಲು ಹಾಲೆಲ್ಲಿದೆ? ಕುರಿ ಸತ್ತರೆ ಅವನಿಗೆ ಅನುಗ್ರಹ ಯೋಜನೆಯ ಪರಿಹಾರವಿದೆ. ಬದುಕಿರುವ ಕುರಿ ಎಲ್ಲಿ ಮೇಯಬೇಕು ಎಂಬುದಕ್ಕೆ ಯೋಜನೆ ಇನ್ನೂ ಬರಬೇಕು.

2023ರಲ್ಲಿ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಿದ ಮೇಲೆ ಮೇವಿನ ಬೀಜದ ಪೊಟ್ಟಣ ಹಂಚಿದರು. ನೀರಾವರಿ ಇದ್ದವರು ಬಿತ್ತಿಕೊಂಡರು. ನನ್ನ ಕೇಳಿದರೆ, ಮೇವು ಕೂಡಿಡುವ ಕೆಲಸ ಮಳೆ ಚೆನ್ನಾಗಿರುವ ವರ್ಷವೇ ಆಗಬೇಕು: ಜೋಳ ಹಾಲುಗಾಳಿನಲ್ಲಿರುವಾಗಲೇ ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿ ರಸಮೇವು ಮಾಡಿಟ್ಟರೆ ಬೇಸಿಗೆಗೂ ಕೆಡದು. ಇದನ್ನು ಒಂಟಿ ಹಸುವಿನ ಮನೆ ಮಾಡಲಾರದು, ಹಾಲಿನ ಸಂಘ ಮಾಡಬಹುದು.

ಇನ್ನೊಂದು ಮಾತು. ಮುಂದಿನ ಸಲ ನಾಡಕಚೇರಿಗೆ ಹೋದಾಗ ನಿಮ್ಮ ಪಹಣಿಯ ಜೊತೆಗೆ ಊರ ಗೋಮಾಳದ ಸರ್ವೆ ನಂಬರಿನದ್ದೂ ಒಂದು ತೆಗೆಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ.