ಕಾಗದವೇ ಮೈಬಣ್ಣವಾದಾಗ: ಬರೋಕ್ ರೇಖಾಚಿತ್ರಗಳ ನೆರಳು-ಬೆಳಕು

1600ರ ಆಸುಪಾಸಿನಲ್ಲಿ ಯುರೋಪಿನಲ್ಲಿ ಬೆಳೆದ ಬರೋಕ್ ಕಲೆಯ ನೆರಳು-ಬೆಳಕು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವವನು ಇಟಲಿಯ ಚಿತ್ರಕಾರ ಕಾರವಾಜ್ಜೊ; ಆದರೆ ಅವನದೆಂದು ಖಚಿತವಾಗಿ ಹೇಳಬಹುದಾದ ಒಂದು ರೇಖಾಚಿತ್ರವೂ ಉಳಿದಿಲ್ಲ. ಆ ಕಾಲದವರು ರೂಪದರ್ಶಿಯನ್ನು ಎದುರಿಗಿರಿಸಿಕೊಂಡು ಹೇಗೆ ಚಿತ್ರಿಸುತ್ತಿದ್ದರೆಂದು ತಿಳಿಯಲು ನಾವು ಇಟಲಿಯ ಬೊಲೋನ್ಯಾದತ್ತ ನೋಡಬೇಕು. ಅಲ್ಲಿ 1580ರ ದಶಕದ ಆರಂಭದಲ್ಲಿ ಅನ್ನಿಬಾಲೆ ಕರ್ರಾಚಿ, ಅವನ ಅಣ್ಣ ಅಗೊಸ್ತಿನೊ ಮತ್ತು ಅವರ ಬಂಧು ಲುಡೊವಿಕೊ ಸೇರಿ ಕಟ್ಟಿದ ಕಲಾಶಾಲೆಯಲ್ಲಿ ಜೀವಂತ ದೇಹವನ್ನು ಕಂಡು ಚಿತ್ರಿಸುವುದೇ ಕಲಿಕೆಯ ತಿರುಳಾಗಿತ್ತು.

[ತೆರೆಯ ಮೇಲೆ: ಅನ್ನಿಬಾಲೆ ರಚಿಸಿದ ನಗ್ನ ಯುವಕನ ಅಧ್ಯಯನ]

ರೋಮಿನ ಫರ್ನೇಸೆ ಅರಮನೆಯ ಛಾವಣಿಚಿತ್ರಕ್ಕಾಗಿ ಅನ್ನಿಬಾಲೆ 1597ರ ಸುಮಾರಿನಿಂದ ಮಾಡಿಕೊಂಡ ಇಂಥ ಅಧ್ಯಯನಗಳಲ್ಲಿ ಹಲವು ನೀಲಿ ಕಾಗದದ ಮೇಲಿವೆ. ನೆರಳಿಗೆ ಕಪ್ಪು ಚಾಕ್, ಹೊಳಪಿಗೆ ಬಿಳಿ ಚಾಕ್. ಇವೆರಡರ ನಡುವಿನ ಮೈಯನ್ನೆಲ್ಲ ಬರಿಯ ಕಾಗದವೇ ತುಂಬಿಕೊಡುತ್ತದೆ. ಈ ಕ್ರಮದ ಜೀವಾಳ ಇರುವುದು ಕೈ ಮುಟ್ಟದೆ ಬಿಟ್ಟ ಆ ಜಾಗದಲ್ಲಿ ಎಂದೇ ನಾನು ನಂಬುತ್ತೇನೆ. ಕಪ್ಪೂ ಬಿಳಿಯೂ ಒಂದರ ಮೇಲೊಂದು ಬಿದ್ದರೆ ಬಣ್ಣ ಮಂಕಾಗಿ, ಉಬ್ಬಿ ನಿಲ್ಲಬೇಕಾದ ಭುಜ ಚಪ್ಪಟೆಯಾಗುತ್ತದೆ.

[ತೆರೆಯ ಮೇಲೆ: ಬೆನ್ನಿನ ಭಾಗ, ಹತ್ತಿರದಿಂದ]

ಇನ್ನು ನೆರಳಿನ ಒಳಗನ್ನು ಗಮನಿಸಿ. ಅತ್ಯಂತ ಗಾಢವಾದ ಕಪ್ಪು ಬೆನ್ನಿನ ತುದಿಯಲ್ಲಿಲ್ಲ. ಮೈ ಬೆಳಕಿನಿಂದ ಆಚೆಗೆ ತಿರುಗುವ ಗಡಿಯಲ್ಲಿದೆ. ಅಲ್ಲಿಂದಾಚೆ ನೆಲದಿಂದಲೋ ಗೋಡೆಯಿಂದಲೋ ಮರಳಿದ ಬೆಳಕು ಸೋಕುವುದರಿಂದ ನೆರಳು ತುಸು ತಿಳಿಯಾಗುತ್ತದೆ, ಮತ್ತು ದೇಹದ ದುಂಡುತನ ನಮಗೆ ಮನದಟ್ಟಾಗುವುದು ಈ ತಿಳಿಯಿಂದಲೇ. ಹಾಗೆಂದು ಅದನ್ನು ಅತಿಯಾಗಿ ಬೆಳಗಿಸಿದರೆ ನೆರಳು ನೆರಳಾಗಿಯೇ ಉಳಿಯುವುದಿಲ್ಲ. ಅದು ಬೆಳಕಿನ ಭಾಗದ ಅತಿ ಮಸುಕಾದ ಜಾಗಕ್ಕಿಂತಲೂ ಕಪ್ಪಾಗಿರಲೇಬೇಕು.

[ತೆರೆಯ ಮೇಲೆ: ಗ್ವೆರ್ಚಿನೊ ರಚಿಸಿದ ಇದ್ದಿಲಿನ ಅಧ್ಯಯನ]

ಚೆಂಟೊ ಊರಿನ ಗ್ವೆರ್ಚಿನೊ ಇನ್ನೂ ಮುಂದೆ ಹೋದವನು. 1591ರಲ್ಲಿ ಹುಟ್ಟಿದ ಈತ ತನ್ನ ಊರಿನಲ್ಲೇ ನಗ್ನ ರೂಪದರ್ಶಿಯನ್ನು ಚಿತ್ರಿಸುವ ಶಾಲೆಯನ್ನು ನಡೆಸಿದನು. ಅವನು ಎಣ್ಣೆಯಲ್ಲಿ ನೆನೆಸಿದ ಇದ್ದಿಲನ್ನು ಬಳಸುತ್ತಿದ್ದನು. ಒಣ ಇದ್ದಿಲಿನಂತೆ ಉದುರದ ಅದು ಮಖಮಲ್ಲಿನಂಥ ದಟ್ಟ ಕಪ್ಪನ್ನು ಕೊಡುತ್ತದೆ, ಆದರೆ ಅಳಿಸಲು ಸುಲಭವಾಗಿ ಒಪ್ಪುವುದಿಲ್ಲ. ಆದ್ದರಿಂದ ನೆರಳು ಎಲ್ಲಿ ಬೀಳುತ್ತದೆಂಬುದನ್ನು ಗೆರೆ ಎಳೆಯುವ ಮೊದಲೇ ನಿರ್ಧರಿಸಬೇಕಾಗುತ್ತದೆ. ಅವನ ಚಿತ್ರಗಳಲ್ಲಿ ನೆರಳಿನ ಬದಿಯ ತೋಳು ಎಷ್ಟೋ ಸಲ ಹಿನ್ನೆಲೆಯ ಕತ್ತಲೆಯೊಳಗೆ ಕರಗಿಹೋಗುತ್ತದೆ. ಅಲ್ಲಿ ಹೊರಗೆರೆಯೇ ಇಲ್ಲದಿದ್ದರೂ, ಬೆಳಕು ಬಿದ್ದ ಭುಜವನ್ನೂ ಮಣಿಕಟ್ಟನ್ನೂ ಕಂಡ ನಮ್ಮ ಕಣ್ಣು ನಡುವಿನ ತೋಳನ್ನು ತಾನೇ ಪೂರ್ತಿಗೊಳಿಸುತ್ತದೆ.

ಇದನ್ನು ಅಭ್ಯಾಸ ಮಾಡಬಯಸುವವರು ಕಂದು ಕಾಗದವನ್ನೂ ಒಂದೇ ಒಂದು ದೀಪವನ್ನೂ ಇಟ್ಟುಕೊಳ್ಳಿ; ಎರಡನೆಯ ದೀಪ ಬಂದರೆ ನೆರಳುಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಮೊದಲು ನೆರಳಿನ ಆಕಾರಗಳನ್ನು ಒಟ್ಟಾಗಿ ಹಾಕಿ, ಬಿಳಿ ಚಾಕನ್ನು ಕೊನೆಯಲ್ಲಿ ಮಾತ್ರ ಕೈಗೆತ್ತಿಕೊಳ್ಳಿ.